ರಾಮನ್ ಕೇಳಿಸಿಕೊಂಡ ಮೃದಂಗ

ಜಯನಗರ, ಬನಶಂಕರಿ, ಜೆ.ಪಿ. ನಗರದ ಕಡೆ ಗಣೇಶನ ಹಬ್ಬ ಬಂತೆಂದರೆ ಬೀದಿಗೊಂದು ಆರ್ಕೆಸ್ಟ್ರಾ. ದೂರದಿಂದ ಹತ್ತು ವಾದ್ಯಗಳ ಸದ್ದು ಕೇಳುತ್ತೆ, ಹತ್ತಿರ ಹೋಗಿ ನೋಡಿದರೆ ಸ್ಟೇಜ್ ಮೇಲೆ ಇರೋದು ಒಂದೋ ಎರಡೋ ಕೀಬೋರ್ಡ್. ಡೋಲಕ್, ತಮಟೆ, ವೀಣೆ, ಕೊಳಲು ಎಲ್ಲ ಅದರೊಳಗೇ. ಕಂಪನಿ ಕೊಟ್ಟ ಟೋನ್ ಸಾಲದು ಅಂತ ಸ್ವಂತ ಟೋನ್ ಮಾಡಿಕೊಳ್ಳುವವರೂ ಈಗ ಬಹಳ. ನಮ್ಮ ಕಾಲೇಜಿನ ಮ್ಯೂಸಿಕ್ ಟೀಮ್‌ಗೂ ಈ ಹುಚ್ಚು ಹಿಡಿದಿದೆ. ರೋಲ್ಯಾಂಡ್ ಎಕ್ಸ್‌ಪಿಎಸ್-10 ತರಹದ ಕೀಬೋರ್ಡ್ ಆದರೆ ಪೆನ್‌ಡ್ರೈವ್‌ನಿಂದ ವೇವ್ ಫೈಲ್ ಒಳಗೆ ತಗೋಬಹುದು. ಅದಿಲ್ಲದಿದ್ದರೆ ಲ್ಯಾಪ್‌ಟಾಪ್‌ನಲ್ಲಿ ಒಂದು ಸ್ಯಾಂಪ್ಲರ್ ಸಾಫ್ಟ್‌ವೇರ್ ಇದ್ದರೆ ಸಾಕು.

ಕೆಲಸ ಕೇಳೋಕೆ ಸುಲಭ. ವಾದ್ಯದ ಒಂದು ಸ್ವರ ರೆಕಾರ್ಡ್ ಮಾಡು. ಹಿಂದೆ ಮುಂದೆ ಇರೋ ಮೌನ ಕತ್ತರಿಸು. ಒಂದು ಕೀ ಮೇಲೆ ಕೂರಿಸು. ಅಕ್ಕಪಕ್ಕದ ಕೀಗಳಿಗೆ ಅದೇ ಫೈಲನ್ನು ಬೇಗ ಅಥವಾ ನಿಧಾನವಾಗಿ ಓಡಿಸು. ಒಂದು ಸೆಮಿಟೋನ್ ಮೇಲೆ ಹೋಗಬೇಕಾದರೆ ವೇಗ 1.0595 ಪಟ್ಟು, ಒಂದು ಆಕ್ಟೇವ್ ಹೋಗಬೇಕಾದರೆ ಎರಡು ಪಟ್ಟು. ಕೀ ಒತ್ತಿ ಹಿಡಿದಷ್ಟು ಹೊತ್ತು ಸದ್ದು ಬರಬೇಕಾ, ಮಧ್ಯದ ಒಂದು ತುಂಡನ್ನು ಲೂಪ್ ಮಾಡು. ಆರ್ಗನ್ನಿಗೆ ಈ ರೆಸಿಪಿ ಪರವಾಗಿಲ್ಲ. ಮೃದಂಗಕ್ಕೋ ತಂಬೂರಿಗೋ ಹಾಕಿದರೆ ತಗಡಿನ ಡಬ್ಬ ಬಡಿದ ಹಾಗಾಗುತ್ತೆ. ಆಮೇಲೆ ಮೈಕ್ ಸರಿ ಇಲ್ಲ, ರೂಮ್ ಸರಿ ಇಲ್ಲ ಅಂತ ಜಗಳ. ನಿಜವಾದ ಕಾರಣಗಳನ್ನು ಸುಮಾರು ನೂರು ವರ್ಷದ ಹಿಂದೆಯೇ ಒಬ್ಬರು ಅಳೆದು ಬರೆದಿಟ್ಟಿದ್ದಾರೆ. ಅವರ ಫೋಟೊ ನಮ್ಮ ಫಿಸಿಕ್ಸ್ ಲ್ಯಾಬ್‌ನಲ್ಲೇ ಇದೆ, ಬೇರೆ ಕಾರಣಕ್ಕೆ. ಸರ್ ಚಂದ್ರಶೇಖರ ವೆಂಕಟ ರಾಮನ್.

ರಾಮನ್ ಅಂದ್ರೆ ನಮಗೆಲ್ಲ ಬೆಳಕು. ಫೆಬ್ರವರಿ 28, ಸೈನ್ಸ್ ಡೇ, ಕ್ವಿಜ್, ಸಮುದ್ರ ಯಾಕೆ ನೀಲಿ. ಆದರೆ ವಯಸ್ಸು ಮೂವತ್ತು ದಾಟುವವರೆಗೂ ಅವರ ಕೆಲಸದಲ್ಲಿ ದೊಡ್ಡ ಪಾಲು ಸದ್ದಿನದು. ಬೆಳಕಿನ ರಾಮನ್ ಕತೆಯನ್ನು ಸ್ಕೂಲಿನಲ್ಲಿ ಸಾಕಷ್ಟು ಸಲ ಬರೆದಿದ್ದೀವಿ. ಇಲ್ಲಿ ಸದ್ದಿನ ರಾಮನ್ ಕತೆ ಹೇಳ್ತೀನಿ.

ಹುಟ್ಟಿದ್ದು 1888ರ ನವೆಂಬರ್ 7, ತಿರುಚಿರಾಪಳ್ಳಿಯಲ್ಲಿ. ಅಪ್ಪ ಚಂದ್ರಶೇಖರ ಅಯ್ಯರ್ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಮೇಷ್ಟ್ರು. ಮನೆಯಲ್ಲಿ ಪಿಟೀಲು ನುಡಿಸುತ್ತಿದ್ದರು. ಮನೆಯಲ್ಲೇ ವಾದ್ಯವೂ ಫಿಸಿಕ್ಸ್ ಪುಸ್ತಕವೂ ಇದ್ದ ಹುಡುಗ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ., ಮೊದಲ ರ‍್ಯಾಂಕ್. ಹದಿನೆಂಟನೆಯ ವಯಸ್ಸಿಗೆ, 1906ರಲ್ಲಿ, ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜಿನ್‌ನಲ್ಲಿ ಮೊದಲ ಪೇಪರ್. (ನನಗೆ ಹತ್ತೊಂಬತ್ತು. ಈ ವಾಕ್ಯವನ್ನು ಬೇಗ ದಾಟೋಣ.) ಆ ದಿನಗಳಲ್ಲಿ ಅವರ ತಲೆ ಹೊಕ್ಕ ಪುಸ್ತಕಗಳಲ್ಲೊಂದು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಸ್ವರಗಳ ಬಗ್ಗೆ ಬರೆದದ್ದು. ಪಿಯಾನೊ, ಪಿಟೀಲು, ಮನುಷ್ಯನ ಗಂಟಲು ಒಂದೇ ಸ್ವರ ಹಾಡಿದರೂ ಬೇರೆ ಬೇರೆಯಾಗಿ ಕೇಳೋದು ಯಾಕೆ ಅಂತ ವಿವರಿಸಿದ ಪುಸ್ತಕ. ಉತ್ತರ ನಿಮಗೆ ಗೊತ್ತು, ಫೋರಿಯರ್ ಸೀರೀಸ್ ಮಾಡಿದ್ದೀರಿ: ಮೂಲ ಸ್ವರದ ಜೊತೆ ಅದರ ಎರಡು, ಮೂರು, ನಾಲ್ಕು ಪಟ್ಟಿನ ಸಣ್ಣ ಸ್ವರಗಳು ಇರುತ್ತವೆ, ಅವುಗಳ ಪ್ರಮಾಣ ಬೇರೆ ಬೇರೆ.

ಇಂಗ್ಲೆಂಡಿಗೆ ಹೋಗಿ ಓದೋ ಆಸೆ ಇತ್ತು. ಅಲ್ಲಿನ ಹವೆ ಈ ಮೈಗೆ ಆಗಲ್ಲ ಅಂತ ಡಾಕ್ಟರು ಬರೆದುಬಿಟ್ಟರು. ಸೈನ್ಸ್ ಓದಿದವರಿಗೆ ಇಲ್ಲಿ ಕೆಲಸ ಇರಲಿಲ್ಲ. ಹಾಗಾಗಿ ಹಣಕಾಸು ಇಲಾಖೆಯ ಪರೀಕ್ಷೆ ಬರೆದರು, ಅದರಲ್ಲೂ ಮೊದಲನೆಯವರು. 1907ರಲ್ಲಿ ಲೋಕಸುಂದರಿಯವರ ಜೊತೆ ಮದುವೆ. ಮೊದಲ ಸಲ ನೋಡಿದಾಗ ಆಕೆ ವೀಣೆಯಲ್ಲಿ ತ್ಯಾಗರಾಜರ ಕೀರ್ತನೆ ನುಡಿಸುತ್ತಿದ್ದರು ಅನ್ನೋದು ಆ ಮನೆತನದ ಕತೆ. ಅದೇ ವರ್ಷ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆಗಿ ಕಲ್ಕತ್ತಾಗೆ ಹೋದರು.

ಕಲ್ಕತ್ತಾದ 210, ಬೌಬಜಾರ್ ರಸ್ತೆಯಲ್ಲಿ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಶನ್ ಆಫ್ ಸೈನ್ಸ್ ಅಂತ ಒಂದು ಬೋರ್ಡು. 1876ರಲ್ಲಿ ಡಾ. ಮಹೇಂದ್ರಲಾಲ್ ಸರ್ಕಾರ್ ಕಟ್ಟಿದ ಸಂಸ್ಥೆ. ಲ್ಯಾಬ್ ಇತ್ತು, ಕೆಲಸ ಮಾಡುವವರು ಇರಲಿಲ್ಲ. ರಾಮನ್ ಬಾಗಿಲು ತಟ್ಟಿದರು. ಬೆಳಿಗ್ಗೆ ಐದೂವರೆಗೆ ಲ್ಯಾಬ್, ಹತ್ತಕ್ಕೆ ಮುಂಚೆ ಮನೆಗೆ ಓಡಿ ಸ್ನಾನ ಊಟ, ಆಫೀಸು, ಸಂಜೆ ಐದಕ್ಕೆ ಮತ್ತೆ ನೇರ ಲ್ಯಾಬ್, ರಾತ್ರಿ ಒಂಬತ್ತೂವರೆ ಹತ್ತರವರೆಗೆ. ಮಧ್ಯೆ ರಂಗೂನ್, ನಾಗಪುರಕ್ಕೆ ವರ್ಗವಾದದ್ದು ಬಿಟ್ಟರೆ ಹತ್ತು ವರ್ಷ ಹೀಗೇ. ದೊಡ್ಡ ಉಪಕರಣ ಇಲ್ಲ, ಫಂಡ್ ಇಲ್ಲ. ಇರೋದು ತಂತಿ, ಟ್ಯೂನಿಂಗ್ ಫೋರ್ಕ್, ಕ್ಯಾಮೆರಾ, ಕಿವಿ. ಅಷ್ಟರಲ್ಲಿ ಏನು ಮಾಡಬಹುದೋ ಅದನ್ನು ಮಾಡಿದರು: ಸದ್ದು. 1909ರಲ್ಲೇ ಏಕತಾರಿಯ ಬಗ್ಗೆ ಬರೆದಿದ್ದರು. 1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಪಾಲಿತ್ ಪ್ರೊಫೆಸರ್ ಹುದ್ದೆ ಕೊಟ್ಟಾಗ ಜಾಸ್ತಿ ಸಂಬಳದ ಸರ್ಕಾರಿ ಕೆಲಸ ಬಿಟ್ಟು ಬಂದರು.

ಮರುವರ್ಷ ಪಿಟೀಲಿನ ತಂತಿ ಕಮಾನಿನ ಕೆಳಗೆ ಹೇಗೆ ಅಲುಗುತ್ತೆ ಅನ್ನೋದರ ಮೇಲೆ ಒಂದು ಇಡೀ ಪುಸ್ತಕದಷ್ಟು ಉದ್ದದ ಬುಲೆಟಿನ್ ಬಂತು. ಅದಾದ ಮೇಲೆ ಮಾಡಿದ ಒಂದು ಮಷೀನ್ ನನಗೆ ಬಹಳ ಇಷ್ಟ. ಮನುಷ್ಯ ನುಡಿಸಿದರೆ ಪ್ರತಿ ಸಲ ಕಮಾನಿನ ವೇಗ, ಒತ್ತಡ ಬದಲಾಗುತ್ತೆ, ಅಳೆಯೋಕಾಗಲ್ಲ. ಅದಕ್ಕೇ ಕಮಾನನ್ನು ಅಲುಗದ ಹಾಗೆ ಹಿಡಿದು, ಪಿಟೀಲನ್ನೇ ಹಿಂದೆ ಮುಂದೆ ಓಡಿಸುವ ಯಂತ್ರ ಕಟ್ಟಿದರು. ವೇಗ ಒಂದೇ ಸಮ, ಒತ್ತಡ ಬೇಕಾದಷ್ಟು. ಯಾವ ವೇಗಕ್ಕೆ, ಕುದುರೆಯಿಂದ ಎಷ್ಟು ದೂರದಲ್ಲಿ, ಕನಿಷ್ಠ ಎಷ್ಟು ಒತ್ತಿದರೆ ಸ್ವರ ಒಡೆಯದೆ ನಿಲ್ಲುತ್ತೆ ಅಂತ ಒಂದೊಂದಾಗಿ ಅಳೆದರು. ಇವತ್ತು ಸ್ಯಾಂಪಲ್ ಲೈಬ್ರರಿ ಮಾಡುವವರು ಒಂದೇ ಸ್ವರವನ್ನು ಮೆತ್ತಗೆ, ಮಧ್ಯಮ, ಜೋರು ಅಂತ ಬೇರೆ ಬೇರೆ ರೆಕಾರ್ಡ್ ಮಾಡಿ ಕೀ ಒತ್ತುವ ಜೋರಿಗೆ ತಕ್ಕಂತೆ ಬದಲಿಸ್ತಾರಲ್ಲ, ವೆಲಾಸಿಟಿ ಲೇಯರ್ ಅಂತ? ಅದರ ಹಿಂದಿರೋದು ಇದೇ ವಿಷಯ. ಮೆಲ್ಲಗೆ ಎಳೆದ ಸ್ವರ ಅಂದರೆ ಜೋರು ಸ್ವರದ ವಾಲ್ಯೂಮ್ ಇಳಿಸಿದ್ದಷ್ಟೇ ಆಗಲ್ಲ, ಅದರ ಒಳಗಿನ ಹಾರ್ಮೋನಿಕ್‌ಗಳ ಪ್ರಮಾಣವೇ ಬೇರೆ.

ಆಮೇಲೆ ನಮ್ಮ ವಾದ್ಯಗಳು. 1921ರಲ್ಲಿ ವೀಣೆ ಮತ್ತು ತಂಬೂರಿಯ ಬಗ್ಗೆ ಬರೆದರು. ಪಶ್ಚಿಮದ ಪಠ್ಯಪುಸ್ತಕದಲ್ಲಿ ಒಂದು ನಿಯಮ ಇತ್ತು, ನಮಗೂ ಅದನ್ನೇ ಹೇಳಿಕೊಡ್ತಾರೆ: ತಂತಿಯನ್ನು ಎಲ್ಲಿ ಮೀಟುತ್ತೀರೋ ಅಲ್ಲಿ ಯಾವ ಹಾರ್ಮೋನಿಕ್‌ಗೆ ನೋಡ್ ಇದೆಯೋ ಅದು ಹುಟ್ಟಲ್ಲ. ತಂತಿಯ ನಟ್ಟನಡುವೆ ಮೀಟಿದರೆ ಎರಡು, ನಾಲ್ಕು, ಆರನೆಯ ಹಾರ್ಮೋನಿಕ್ ಕೇಳಬಾರದು. ತಂಬೂರಿಯಲ್ಲಿ ಕೇಳುತ್ತೆ. ಚೆನ್ನಾಗಿಯೇ ಕೇಳುತ್ತೆ. ರಾಮನ್ ಕಾರಣವನ್ನು ಕುದುರೆಯಲ್ಲಿ ಹುಡುಕಿದರು. ಪಿಟೀಲಿನ ಕುದುರೆಗೆ ಚೂಪು ಅಂಚು, ತಂತಿ ಒಂದೇ ಬಿಂದುವಿನಲ್ಲಿ ಕೂರುತ್ತೆ. ವೀಣೆ, ತಂಬೂರಿಯ ಕುದುರೆ ಅಗಲ, ಮೇಲ್ಭಾಗ ಸ್ವಲ್ಪವೇ ಬಾಗಿದೆ. ತಂತಿ ಅಲುಗುವಾಗ ಆ ಮೇಲ್ಮೈಯನ್ನು ಸವರುತ್ತಾ, ಬಿಡುತ್ತಾ ಇರುತ್ತೆ. ತಂಬೂರಿಯಲ್ಲಿ ತಂತಿಯ ಕೆಳಗೆ ಹತ್ತಿಯ ದಾರ ಸಿಕ್ಕಿಸಿ ಜರುಗಿಸುತ್ತಾರಲ್ಲ, ಆ ಸವರುವಿಕೆಯನ್ನು ಸರಿಯಾದ ಜಾಗಕ್ಕೆ ತರೋದಕ್ಕೆ. ತಂತಿ ಕುದುರೆಗೆ ತಾಗಿದಾಗಲೆಲ್ಲ ಶಕ್ತಿ ಒಂದು ಹಾರ್ಮೋನಿಕ್‌ನಿಂದ ಇನ್ನೊಂದಕ್ಕೆ ಹಂಚಿಕೆಯಾಗುತ್ತೆ. ಹಾಗಾಗಿ ಮೀಟಿದ ಕ್ಷಣದ ಸದ್ದು ಬೇರೆ, ಎರಡು ಸೆಕೆಂಡ್ ಆದಮೇಲಿನದು ಬೇರೆ, ನಾಲ್ಕು ಸೆಕೆಂಡ್ ಆದಮೇಲಿನದು ಇನ್ನೂ ಬೇರೆ.

ಈಗ ಸ್ಯಾಂಪ್ಲರ್‌ಗೆ ಬನ್ನಿ. ಮಧ್ಯದಿಂದ ಅರ್ಧ ಸೆಕೆಂಡ್ ಕತ್ತರಿಸಿ ಲೂಪ್ ಮಾಡಿದರೆ ಏನಾಗುತ್ತೆ? ಹಾರ್ಮೋನಿಕ್‌ಗಳ ಆ ಏರಿಳಿತ ಅಲ್ಲಿಗೇ ನಿಂತುಹೋಗುತ್ತೆ. ಶ್ರುತಿ ಸರಿ ಇರುತ್ತೆ, ತಂಬೂರಿ ಮಾತ್ರ ಇರಲ್ಲ, ಫ್ರಿಜ್ ಹಾಡಿದ ಹಾಗಿರುತ್ತೆ. ತಂಬೂರಿಯ ಪ್ರತಿ ತಂತಿಯನ್ನೂ ಮೀಟಿ, ಪೂರ್ತಿ ಆರುವವರೆಗೆ ಬಿಟ್ಟು ರೆಕಾರ್ಡ್ ಮಾಡಬೇಕು, ಲೂಪ್ ಹಾಕಬಾರದು. ಮೆಮೊರಿ ಲೆಕ್ಕಕ್ಕೆ ಹೆದರಬೇಡಿ: 44.1 ಕಿಲೊಹರ್ಟ್ಸ್, 16 ಬಿಟ್, ಮೋನೊ ಆದರೆ ಸೆಕೆಂಡಿಗೆ 88,200 ಬೈಟ್. ಹತ್ತು ಸೆಕೆಂಡಿನ ನಾಲ್ಕು ತಂತಿ ಸೇರಿ ಮೂರೂವರೆ ಎಂಬಿ, ಅಷ್ಟೇ. ಎಲೆಕ್ಟ್ರಾನಿಕ್ ತಂಬೂರಿ ಮಾಡಿ ದೇಶಕ್ಕೆಲ್ಲ ಕೊಟ್ಟ ರಾಡೆಲ್ ಕಂಪನಿ ನಮ್ಮ ಬೆಂಗಳೂರಿನದೇ ಅನ್ನೋದನ್ನೂ ಇಲ್ಲೇ ಹೇಳಿಬಿಡ್ತೀನಿ.

ಅದೇ 1921ರಲ್ಲಿ ರಾಮನ್ ಮೊದಲ ಸಲ ಹಡಗು ಹತ್ತಿದರು, ಆಕ್ಸ್‌ಫರ್ಡ್‌ನಲ್ಲಿ ವಿಶ್ವವಿದ್ಯಾಲಯಗಳ ಸಮ್ಮೇಳನ. ಲಂಡನ್ನಿನಲ್ಲಿ ಬೇರೆಯವರು ಸೇಂಟ್ ಪಾಲ್ ಚರ್ಚಿನ ಗುಮ್ಮಟವನ್ನು ಕಣ್ಣಲ್ಲಿ ನೋಡಿ ಬಂದರೆ ಇವರು ಅಲ್ಲಿನ ಪಿಸುಮಾತಿನ ಗ್ಯಾಲರಿಯಲ್ಲಿ ಸದ್ದು ಹೇಗೆ ಗೋಡೆಗೆ ಅಂಟಿಕೊಂಡು ಸುತ್ತುತ್ತೆ ಅಂತ ಪ್ರಯೋಗ ಮಾಡಿಬಂದರು. ಇಂಥ ಗ್ಯಾಲರಿಗಳ ಬಗೆಗಿನ ಅವರ ಅಧ್ಯಯನದಲ್ಲಿ ನಮ್ಮ ವಿಜಯಪುರದ ಗೋಲಗುಮ್ಮಟವೂ ಇದೆ. ವಾಪಸು ಬರುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಕಣ್ಣಿಗೆ ಬಿತ್ತು. ಅಲ್ಲಿಂದ ಮುಂದಿನ ಕತೆ ನಿಮಗೆ ಬಾಯಿಪಾಠ: 1928ರಲ್ಲಿ ಕೆ.ಎಸ್. ಕೃಷ್ಣನ್ ಜೊತೆ ರಾಮನ್ ಪರಿಣಾಮ, 1930ರಲ್ಲಿ ನೊಬೆಲ್. ಆ ಓಟದ ಮಧ್ಯೆಯೂ, 1927ರಲ್ಲಿ, ಜರ್ಮನಿಯ ಹಾಂಡ್‌ಬುಕ್ ಡೆರ್ ಫಿಸಿಕ್ ಎಂಬ ಭಾರಿ ಗ್ರಂಥಮಾಲೆಯಲ್ಲಿ ಸಂಗೀತ ವಾದ್ಯಗಳ ಅಧ್ಯಾಯ ಬರೆದದ್ದು ರಾಮನ್. ನೊಬೆಲ್ ಬಂದ ಮೇಲೆ ಅದೆಲ್ಲ ಜೀವನಚರಿತ್ರೆಗಳಲ್ಲಿ ಒಂದು ಪ್ಯಾರಾಗೆ ಇಳಿದುಹೋಯಿತು. ನನಗೆ ಬೇಜಾರಾಗೋದು ಇದಕ್ಕೇ.

1933ರಲ್ಲಿ ರಾಮನ್ ಬೆಂಗಳೂರಿಗೆ ಬಂದರು, ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಾವು ಟಾಟಾ ಇನ್‌ಸ್ಟಿಟ್ಯೂಟ್ ಅನ್ನೋ ಜಾಗಕ್ಕೆ, ಮೊದಲ ಭಾರತೀಯ ನಿರ್ದೇಶಕರಾಗಿ. ಮರುವರ್ಷ ಇಲ್ಲೇ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಶುರು ಮಾಡಿದರು. ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲೇ, 1934ರಲ್ಲಿ, ಅವರ ಮೃದಂಗದ ಲೇಖನ ಬಂತು. ಹದಿನಾಲ್ಕು ವರ್ಷ ಹಿಂದೆ, 1920ರಲ್ಲಿ, ಶಿವಕಾಳಿ ಕುಮಾರ್ ಅನ್ನುವವರ ಜೊತೆ ನೇಚರ್ ಪತ್ರಿಕೆಯಲ್ಲಿ ಚಿಕ್ಕದಾಗಿ ಹೇಳಿದ್ದನ್ನು ಇಲ್ಲಿ ಬಿಡಿಸಿ ಹೇಳಿದರು. ನೊಬೆಲ್ ಬಂದು ನಾಲ್ಕು ವರ್ಷವಾಗಿತ್ತು, ಸಂಸ್ಥೆ ನಡೆಸೋ ತಲೆನೋವು ಇತ್ತು, ಆದರೂ ಚರ್ಮದ ಮೇಲೆ ಮರಳು ಉದುರಿಸಿಕೊಂಡು ಕೂತಿದ್ದರು.

ವಿಷಯ ಇದು. ತಂತಿಯ ಹಾರ್ಮೋನಿಕ್‌ಗಳು 1, 2, 3, 4 ಅಂತ ನೀಟಾಗಿ ಬರುತ್ತವೆ. ದುಂಡಗಿನ ಚರ್ಮಕ್ಕೆ ಆ ಭಾಗ್ಯ ಇಲ್ಲ. ಅದರ ಸ್ವರಗಳು 1, 1.59, 2.14, 2.30, 2.65 ಹೀಗೆ ಬೆಸೆಲ್ ಫಂಕ್ಷನ್‌ಗಳ ಲೆಕ್ಕದಲ್ಲಿ ಬರುತ್ತವೆ, ಒಂದಕ್ಕೊಂದು ಹೊಂದಲ್ಲ. ಅದಕ್ಕೇ ಎಷ್ಟೋ ಡ್ರಮ್‌ಗಳಿಗೆ ಇಂಥದೇ ಶ್ರುತಿ ಅಂತ ಹೇಳೋಕಾಗಲ್ಲ, ಬರೀ ಢಬ್ ಅನ್ನುತ್ತೆ. ಮೃದಂಗದ ಬಲ ಮುಚ್ಚಿಗೆಯನ್ನು ಮಾತ್ರ ಷಡ್ಜಕ್ಕೆ ಶ್ರುತಿ ಮಾಡ್ತಾರೆ. ಹೇಗೆ ಸಾಧ್ಯ? ನಡುವಿನ ಕಪ್ಪು ವೃತ್ತ ಇದೆಯಲ್ಲ, ಕರಣೆ, ಅದರಿಂದ. ಕಿಟ್ಟದ ಪುಡಿಯನ್ನು ಅನ್ನದ ಜೊತೆ ಅರೆದು, ಪದರದ ಮೇಲೆ ಪದರ ಹಚ್ಚಿ, ಕಲ್ಲಿನಲ್ಲಿ ಉಜ್ಜುತ್ತಾರೆ. ನಡುವೆ ದಪ್ಪ, ಅಂಚಿಗೆ ಬಂದಂತೆ ತೆಳು. ಆ ಭಾರ ಒಂದೊಂದು ಕಂಪನವನ್ನು ಒಂದೊಂದು ಪ್ರಮಾಣದಲ್ಲಿ ತಗ್ಗಿಸುತ್ತೆ. ರಾಮನ್ ಸಣ್ಣ ಮರಳು ಉದುರಿಸಿ, ಅದು ಸಾಲುಗಟ್ಟುವ ಜಾಗ ನೋಡಿ ಚರ್ಮ ಹೇಗೆ ಹೇಗೆ ಭಾಗವಾಗುತ್ತೆ ಅಂತ ಗುರುತಿಸಿದರು. ಮೊದಲ ಒಂಬತ್ತು ಬಗೆಯ ಕಂಪನಗಳು ಕರಣೆಯ ಭಾರಕ್ಕೆ ಗುಂಪುಗುಂಪಾಗಿ ಜಾರಿ ಐದು ಸ್ವರಗಳಲ್ಲಿ ಬಂದು ನಿಲ್ಲುತ್ತವೆ: ಒಂದನೆಯದರಲ್ಲಿ ಒಂದು, ಎರಡನೆಯದರಲ್ಲಿ ಒಂದು, ಮೂರರಲ್ಲಿ ಎರಡು, ನಾಲ್ಕರಲ್ಲಿ ಎರಡು, ಐದರಲ್ಲಿ ಮೂರು. ಆ ಐದು ಸ್ವರಗಳ ಪ್ರಮಾಣ ಹೆಚ್ಚುಕಮ್ಮಿ 1, 2, 3, 4, 5. ಚರ್ಮ ತಂತಿಯ ಹಾಗೆ ಹಾಡುತ್ತೆ!

ಯಾರು ಮೊದಲು ಇದನ್ನು ಕಂಡುಹಿಡಿದರೋ ಅವರ ಹೆಸರು ಯಾರಿಗೂ ಗೊತ್ತಿಲ್ಲ. ಬಳೇಪೇಟೆಯ ವಾದ್ಯದ ಅಂಗಡಿಗಳ ಕಡೆ ಹೋದರೆ ಇವತ್ತಿಗೂ ಕರಣೆ ಹಾಕುವವರು ಒಂದು ಪದರ ಹಚ್ಚೋದು, ತಟ್ಟಿ ಕೇಳೋದು, ಮತ್ತೆ ಹಚ್ಚೋದು. ಡಿಫರೆನ್ಷಿಯಲ್ ಈಕ್ವೇಷನ್ನನ್ನು ಕಿವಿಯಲ್ಲೇ ಸಾಲ್ವ್ ಮಾಡ್ತಾರೆ ಅನ್ನಿ. ರಾಮನ್ ದೊಡ್ಡತನ ನನಗೆ ಕಾಣೋದು ಇಲ್ಲಿ. ಅವರ ಕಾಲದಲ್ಲಿ ನಮ್ಮ ವಾದ್ಯಗಳ ಬಗ್ಗೆ ಹೆಮ್ಮೆಯಿಂದ ಭಾಷಣ ಮಾಡುವವರು ಇದ್ದರು, ಹಳೇ ಸಾಮಾನು ಅಂತ ಮೂಗು ಮುರಿಯುವವರೂ ಇದ್ದರು. ಇವರು ಎರಡನ್ನೂ ಬಿಟ್ಟು ಅಳೆದರು.

ಸ್ಯಾಂಪಲ್ ಮಾಡುವವರಿಗೆ ಈ ಲೇಖನದಿಂದ ಏನು ಸಿಗುತ್ತೆ? ಮೊದಲನೆಯದಾಗಿ, ಮೃದಂಗವನ್ನು ಡ್ರಮ್ ಕಿಟ್ ತರಹ ಒಂದೇ ಶ್ರುತಿಯಲ್ಲಿ ಕೂರಿಸಿ ಎಲ್ಲ ಹಾಡಿಗೂ ಅದನ್ನೇ ಬಳಸೋದು ತಪ್ಪು. ಅದಕ್ಕೆ ಸ್ಪಷ್ಟ ಶ್ರುತಿ ಇದೆ, ಹಾಡಿನ ಷಡ್ಜಕ್ಕೆ ಹೊಂದಲೇಬೇಕು. ಹಾಗಂತ ಒಂದೇ ಪೆಟ್ಟನ್ನು ಏಳು ಸೆಮಿಟೋನ್ ಮೇಲಕ್ಕೆ ಎಳೆದರೆ ವೇಗ ಒಂದೂವರೆ ಪಟ್ಟಾಗುತ್ತೆ, ಒಂದು ಸೆಕೆಂಡ್ ನಿಲ್ಲಬೇಕಾದ ನಾದ 0.67 ಸೆಕೆಂಡಿಗೆ ಮುಗಿದುಹೋಗುತ್ತೆ, ಮರದ ಒಡಲಿನ ಸದ್ದೂ ಚಿಕ್ಕ ಡಬ್ಬದ್ದಾಗುತ್ತೆ. ತಗ್ಗು ಶ್ರುತಿಯದೊಂದು, ಹೆಚ್ಚು ಶ್ರುತಿಯದೊಂದು ಮೃದಂಗ ಇಟ್ಟುಕೊಂಡು, ಎರಡು ಮೂರು ಸೆಮಿಟೋನಿಗೊಮ್ಮೆ ನಿಜವಾಗಿ ಶ್ರುತಿ ಬದಲಿಸಿ ರೆಕಾರ್ಡ್ ಮಾಡೋದೇ ದಾರಿ.

ಇನ್ನು ಸೊಲ್ಲುಗಳು. ಉಂಗುರ ಬೆರಳನ್ನು ಕರಣೆಗೆ ಹಗುರವಾಗಿ ತಾಗಿಸಿ ತೋರುಬೆರಳಲ್ಲಿ ಅಂಚಿಗೆ ಹೊಡೆದರೆ ನಂ. ಆ ಬೆರಳು ಸುಮ್ಮನೆ ಇಟ್ಟದ್ದಲ್ಲ. ಇಡೀ ಚರ್ಮ ಒಟ್ಟಿಗೆ ಏಳುವ ಮೂಲ ಕಂಪನವನ್ನು ಅದು ಅದುಮಿ, ಬೆರಳಿರುವ ಗೆರೆಯಲ್ಲಿ ನೋಡ್ ಇರುವ ಕಂಪನಗಳನ್ನು ಮಾತ್ರ ಉಳಿಸುತ್ತೆ. ಬೆರಳು ಎತ್ತಿ ಬಿಟ್ಟು ಹೊಡೆದರೆ ಬೇರೆ ಗುಂಪು. ಅಂದರೆ ನಂ ಸ್ಯಾಂಪಲನ್ನು ಇಕ್ವಲೈಸರ್‌ನಲ್ಲಿ ತಿರುಚಿ ಧಿಂ ಮಾಡ್ತೀನಿ ಅನ್ನೋದು ಆಗದ ಮಾತು, ಇಲ್ಲದ ಹಾರ್ಮೋನಿಕ್ ಎಲ್ಲಿಂದ ಬರಬೇಕು? ಎಡ ಮುಚ್ಚಿಗೆಯ ಕತೆ ಬೇರೆಯೇ. ಅಲ್ಲಿ ಕರಣೆ ಇಲ್ಲ, ಕಚೇರಿಗೆ ಮುಂಚೆ ರವೆ ಕಲಸಿ ಮೆತ್ತುತ್ತಾರೆ, ಅಂಗೈ ಒತ್ತಿ ಜಾರಿಸಿದಾಗ ಸ್ವರವೇ ಮೇಲೇರುವ ಗುಮ್ಕಿ ಬರುತ್ತೆ. ಅದನ್ನು ಪಿಚ್ ಬೆಂಡ್ ಚಕ್ರದಲ್ಲಿ ಮಾಡೋಕೆ ಹೋಗಬೇಡಿ, ಗುಮ್ಕಿಯನ್ನೇ ಐದಾರು ಥರ ರೆಕಾರ್ಡ್ ಮಾಡಿ.

ಬೆಂಗಳೂರಿನ ರಾಮನ್ ಬಗ್ಗೆ ಎಲ್ಲವೂ ಮೃದಂಗದಷ್ಟು ಇಂಪಾಗಿಲ್ಲ, ಅದನ್ನೂ ಬರೆಯಬೇಕು. 1933ರಲ್ಲಿ ಬಾಂಬೆಯಿಂದ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ, ಒಳ್ಳೆಯ ಅಂಕ ತೆಗೆದುಕೊಂಡು ಸಂಸ್ಥೆಗೆ ಅರ್ಜಿ ಹಾಕಿದಾಗ ಹೆಣ್ಣು ಅನ್ನೋ ಕಾರಣಕ್ಕೆ ರಾಮನ್ ಬೇಡ ಅಂದರು. ಆಕೆ ಬಿಡಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ, ಷರತ್ತುಗಳ ಮೇಲೆ ಸೇರಿಸಿಕೊಂಡರು. ಆಕೆಯ ಕೆಲಸ ನೋಡಿದ ಮೇಲೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು, ಮುಂದೆ ಅನ್ನಾ ಮಣಿ ರಾಮನ್ ಲ್ಯಾಬ್‌ನಲ್ಲೇ ವಜ್ರಗಳ ಮೇಲೆ ಕೆಲಸ ಮಾಡಿದರು. ಆದರೆ ಆ ಒಂದು ವರ್ಷದ ಅವಮಾನವನ್ನು ಮೇಧಾವಿಗಳ ವಿಚಿತ್ರ ಸ್ವಭಾವ ಅಂತ ನಕ್ಕು ಬಿಡೋಕೆ ನನಗೆ ಮನಸ್ಸಿಲ್ಲ. ನಿರ್ದೇಶಕರಾಗಿಯೂ ಜಗಳಗಳಾದವು, 1937ರಲ್ಲಿ ಆ ಹುದ್ದೆ ಬಿಡಬೇಕಾಯಿತು. ಪ್ರೊಫೆಸರ್ ಆಗಿ 1948ರವರೆಗೆ ಇದ್ದರು.

ಆ ಜಗಳಗಳ ನಡುವೆಯೇ ಸದ್ದು ಮತ್ತು ಬೆಳಕು ಒಂದೇ ಮೇಜಿಗೆ ಬಂದವು. 1935-36ರಲ್ಲಿ ಎನ್.ಎಸ್. ನಾಗೇಂದ್ರನಾಥ್ ಜೊತೆ ಸೇರಿ, ದ್ರವದೊಳಗೆ ಅಲ್ಟ್ರಾಸಾನಿಕ್ ಅಲೆ ಹರಿಯುವಾಗ ಬೆಳಕು ಗ್ರೇಟಿಂಗ್‌ನಲ್ಲಿ ಹಾದ ಹಾಗೆ ಯಾಕೆ ಸೀಳುತ್ತೆ ಅಂತ ವಿವರಿಸಿದರು. ಲೇಸರ್ ಲ್ಯಾಬ್‌ನಲ್ಲಿ ಅಕೌಸ್ಟೊ-ಆಪ್ಟಿಕ್ ಮಾಡ್ಯುಲೇಟರ್ ನೋಡಿದವರಿಗೆ ರಾಮನ್-ನಾಥ್ ಅನ್ನೋ ಹೆಸರು ಸಿಕ್ಕಿರುತ್ತೆ, ಅದು ಇದೇ.

ಮೈಸೂರು ಸರ್ಕಾರ ಕೊಟ್ಟ ಜಾಗದಲ್ಲಿ, ಮೇಖ್ರಿ ಸರ್ಕಲ್ ಹತ್ತಿರ, ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಕಟ್ಟಿ 1948ರಿಂದ ಕೊನೆಯವರೆಗೆ ಅಲ್ಲೇ ಕೆಲಸ ಮಾಡಿದರು. ಕಲ್ಲು, ಹೂವು, ಬಣ್ಣ, ಕಣ್ಣು ಹೇಗೆ ನೋಡುತ್ತೆ, ಇವೇ ಆಗ ಅವರ ವಿಷಯಗಳು. 1954ರಲ್ಲಿ ಭಾರತರತ್ನ ಬಂತು. 1970ರ ನವೆಂಬರ್ 21ರಂದು ತೀರಿಕೊಂಡರು. ಅವರ ಇಚ್ಛೆಯಂತೆ ಅದೇ ಆವರಣದ ತೋಟದಲ್ಲಿ ದಹನವಾಯಿತು. ಅಲ್ಲಿ ಸಮಾಧಿ ಇಲ್ಲ, ಒಂದು ಮರ ಇದೆ.

1934ರ ಲೇಖನ ಹತ್ತೇ ಪುಟ, ಅಕಾಡೆಮಿಯ ಸೈಟ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತೆ. ಇಂಗ್ಲಿಷ್ ಸರಳವಾಗಿದೆ, ಬೆಸೆಲ್ ಫಂಕ್ಷನ್ ಮರೆತವರೂ ಓದಬಹುದು. ಮ್ಯೂಸಿಕ್ ಟೀಮ್ ಈ ಸೆಮಿಸ್ಟರ್‌ನಲ್ಲಿ ಅದನ್ನು ಮುಂದಿಟ್ಟುಕೊಂಡು ಮೃದಂಗದ ಸ್ಯಾಂಪಲ್ ಪ್ಯಾಕ್ ಮಾಡ್ತಿದೆ: ಎರಡು ಮೃದಂಗ, ಒಂಬತ್ತು ಸೊಲ್ಲು, ಪ್ರತಿ ಸೊಲ್ಲಿಗೂ ಮೆಲ್ಲಗಿನಿಂದ ಜೋರಿನವರೆಗೆ ನಾಲ್ಕು ಪೆಟ್ಟು. ಬಲ ಮುಚ್ಚಿಗೆಯ ಸ್ಪೆಕ್ಟ್ರಮ್ ತೆಗೆದು ಐದು ಗೆರೆ ಸರಿಯಾದ ಜಾಗದಲ್ಲಿ ಬರುತ್ತಾ ಅಂತಲೂ ನೋಡಬೇಕು. ತಗ್ಗು ಶ್ರುತಿಯ ಮೃದಂಗ ಒಂದು ಬೇಕಾಗಿದೆ. ಬಿ.ಟಿ.ಎಂ., ಜೆ.ಪಿ. ನಗರದ ಕಡೆ ಯಾರ ಮನೆಯಲ್ಲಾದರೂ ಇದ್ದರೆ ಕ್ಲಬ್ ರೂಮಿಗೆ ಬಂದು ತಿಳಿಸಿ. ರವೆ ನಾವೇ ತರ್ತೀವಿ.